ಊರು ತೋರಿಸುವ ಕಾಕಾ

ಜೇವರ್ಗಿ ತಾಲ್ಲೂಕಿನ ನೆಲೋಗಿಯು ಮುಖ್ಯಮಂತ್ರಿಯಾಗಿದ್ದ ಎನ್. ಧರ್ಮಸಿಂಗ್ ಅವರ ಹುಟ್ಟೂರೆಂದು ಹೊರಗಿನವರಿಗೆ ಪರಿಚಿತವಾಗಿದೆಯಾದರೂ, ಆ ಸೀಮೆಯ ದೊಡ್ಡ ಮನೆತನಗಳಲ್ಲಿ ಚುನಾವಣೆಯಿಲ್ಲದೆ ದೊರೆತು ರಾಜೀನಾಮೆಯಿಲ್ಲದೆ ಮುಂದುವರಿಯುವ ಇನ್ನೊಂದು ಅಧಿಕಾರಸ್ಥಾನ ಇನ್ನೂ ತಕ್ಕ ಅಧ್ಯಯನಕ್ಕೆ ಒಳಗಾದಂತಿಲ್ಲ. ಅದು ಊರು ತೋರಿಸುವ ಕಾಕಾನ ಸ್ಥಾನ. ಕಾಕಾ, ಅಂದರೆ ತಂದೆಯ ತಮ್ಮ, ವಿಜಯಪುರವನ್ನು ಒಮ್ಮೆ ಶಾಲೆಯ ಪ್ರವಾಸದಲ್ಲಿ, ಮತ್ತೊಮ್ಮೆ ಕೋರ್ಟಿನ ಕೆಲಸಕ್ಕೆ ಹೋದಾಗ ಕಂಡಿದ್ದು, ಆ ಬಲದ ಮೇಲೆ ಮಿಕ್ಕವರಿಗೆಲ್ಲ ಅದನ್ನು ತೋರಿಸುವ ಹಕ್ಕನ್ನು ಜೀವಮಾನವಿಡೀ ತನ್ನಲ್ಲೇ ಉಳಿಸಿಕೊಂಡಿರುತ್ತಾನೆ.

ಈ ಹಕ್ಕಿಗೆ ಮೊದಲ ಪೆಟ್ಟು ಬಿದ್ದದ್ದು 2023ರ ಜೂನ್ 11ರಂದು, ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಕಲ್ಪಿಸಿದ ಶಕ್ತಿ ಯೋಜನೆ ಆರಂಭವಾದಾಗ. ಹಿಂದೆ ಇಡೀ ಬಳಗದ ಟಿಕೆಟ್ ತೆಗೆಸಿ, ಉಳಿದ ನೋಟುಗಳನ್ನು ಹಿಂದಿನ ಸೀಟಿನವರಿಗೂ ಕಾಣುವಂತೆ ಎಣಿಸುತ್ತಿದ್ದ ಕಾಕಾ, ಈಗ ಅತ್ತಿಗೆ ನಾದಿನಿಯರೆಲ್ಲ ಆಧಾರ್ ಕಾರ್ಡು ತೋರಿಸಿ ಕಿಟಕಿಯ ಪಕ್ಕ ಕೂತಮೇಲೆ, ತನ್ನೊಬ್ಬನ ಟಿಕೆಟ್ಟಿಗೆ ಹಣ ಕೊಟ್ಟು, ಸಿಂದಗಿ ದಾಟುವತನಕ ಎಲ್ಲರ ಖರ್ಚನ್ನೂ ಹೊತ್ತವನ ಗಾಂಭೀರ್ಯವನ್ನು ಕಾಪಾಡಿಕೊಳ್ಳಬೇಕಾಗುತ್ತದೆ.

ಕಳೆದುಕೊಂಡದ್ದನ್ನು ಆತ ಗೋಲಗುಮ್ಮಟದ ಟಿಕೆಟ್ ಕಿಟಕಿಯಲ್ಲಿ ಮರಳಿ ಪಡೆಯುತ್ತಾನೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಪ್ರವೇಶ ಉಚಿತವಾಗಿರುವುದರಿಂದ, ಕಾಲೇಜು ಮೆಟ್ಟಿಲು ಹತ್ತಿ ಮೀಸೆ ಚಿಗುರಿಸಿಕೊಂಡ ಹುಡುಗನ ತಲೆಯ ಮೇಲೆ ಕೈಯಿಟ್ಟು ಕೆಳಕ್ಕೊತ್ತುತ್ತ, "ಇವ ಇನ್ನಾ ಎಂಟನೇತ್ತಾ ಅದಾನ್ರಿ" ಎಂದು ಕಾಕಾ ಪ್ರಮಾಣೀಕರಿಸುವಾಗ, ಹುಡುಗ ನಾಚಿಕೆಯಿಂದ ತಾನಾಗಿಯೇ ಒಂದೆರಡು ವರ್ಷ ಕುಗ್ಗಿದಂತೆ ಕಾಣುತ್ತಾನೆ.

ಒಳಗೆ ಹೋಗುತ್ತಲೇ ಪಾಠ ಮೊದಲಾಗುತ್ತದೆ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹನ ಸಮಾಧಿ ಇದೆಂಬುದಾಗಲಿ, ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗಾಗಿ ಇಟ್ಟವು ಮಾತ್ರ, ನಿಜವಾದವು ಅವುಗಳ ಕೆಳಗಿನ ನೆಲಮಾಳಿಗೆಯಲ್ಲಿವೆ ಎಂಬುದಾಗಲಿ ಈ ಪಾಠದಲ್ಲಿ ಬರುವುದಿಲ್ಲ, ಬರುವುದು ಒಂದೇ ಸಂಗತಿ: "ದುನಿಯಾದಾಗ ಇದು ಎರಡನೇದು. ಒಂದನೇದು ರೋಮ್‌ದಾಗ ಅದ." ರೋಮಿನ ಸೇಂಟ್ ಪೀಟರ್ ಚರ್ಚಿನ ಗುಮ್ಮಟದ ಒಳವ್ಯಾಸ ಸುಮಾರು 42 ಮೀಟರ್, ಗೋಲಗುಮ್ಮಟದ್ದು ಸುಮಾರು 38 ಮೀಟರ್ ಇರುವುದರಿಂದ ಹೋಲಿಕೆ ಅಷ್ಟರಮಟ್ಟಿಗೆ ಸರಿಯೇ. ಆದರೆ ಅದೇ ರೋಮಿನಲ್ಲಿ ಪ್ಯಾಂಥಿಯಾನ್ ಎಂಬ, ಸುಮಾರು 43 ಮೀಟರ್ ವ್ಯಾಸದ ಪುರಾತನ ಗುಮ್ಮಟವೂ ಇದ್ದು, ಕಾಕಾನ ಲೆಕ್ಕದಲ್ಲಿ ಒಂದು ಊರಿಗೆ ಒಂದೇ ಗುಮ್ಮಟ ಮಂಜೂರಾಗಿರುವುದರಿಂದ ಅದಕ್ಕೆ ಜಾಗ ಸಿಕ್ಕಿಲ್ಲ.

ನಾಲ್ಕು ಮೂಲೆಗಳ ಏಳಂತಸ್ತಿನ ಮಿನಾರುಗಳೊಳಗೆ ಸುತ್ತಿ ಏರುವ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಕಾಕಾ ತಿರುವಿಗೊಮ್ಮೆ ನಿಂತು ತಲೆ ಎಣಿಸುತ್ತಾನೆ, ಮತ್ತು ಈ ಎಣಿಕೆ ತನಗೆ ಏದುಸಿರು ಬಂದಾಗಲೇ ಅಗತ್ಯವಾಗುವುದನ್ನು ಯಾರೂ ಆಡಿ ತೋರಿಸುವುದಿಲ್ಲ. ಗೋಡೆಯ ತಂಪಿಗೆ ಬೆನ್ನು ಕೊಟ್ಟು ಕೂತ ಆಯಿ, ಅಂದರೆ ಅಜ್ಜಿ, "ಇಷ್ಟು ದೊಡ್ಡ ಮನಿ ಕಸ ಯಾರು ಹೊಡಿತಿದ್ರೋ" ಎನ್ನುತ್ತಾಳೆ. ಅಂದು ಆ ಕುಟುಂಬದಲ್ಲಿ ಕಟ್ಟಡವನ್ನು ನಿಜವಾಗಿ ನೋಡಿದವಳು ಬಹುಶಃ ಅವಳೊಬ್ಬಳೇ. ಉಳಿದವರಿಗೆ ಪುರುಸೊತ್ತಿಲ್ಲ, ಉಪ್ಪಲಿ ಬುರುಜು, 1549ರಲ್ಲಿ ಎರಕ ಹೊಯ್ದ ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು, ಬಾರಾ ಕಮಾನ್, ಇಬ್ರಾಹಿಂ ರೋಜಾ ಇವೆಲ್ಲ ಮುಗಿದ ಮೇಲೆಯೇ ಬುತ್ತಿ ಬಿಚ್ಚತಕ್ಕದ್ದೆಂದು ಕಾಕಾ ಬಸ್ಸಿನಲ್ಲೇ ವಿಧಿಸಿರುತ್ತಾನೆ. ಬುತ್ತಿಯೆಂದರೆ ಖಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ ಕಟ್ಟಿದ ಗಂಟು. ಅದನ್ನು ಬೆಳಗಿನಿಂದ ಹೊತ್ತವನು ಮೀಸೆಯ ಎಂಟನೇತ್ತೆಯವನು.

ಗುಮ್ಮಟದ ಬುಡದಲ್ಲಿ ಒಳಸುತ್ತಿಗೆ ಹಬ್ಬಿದ ಪಡಸಾಲೆಗೆ ಪಿಸುಮಾತಿನ ಗ್ಯಾಲರಿಯೆಂದು ಹೆಸರು. ಗೋಡೆಗೆ ಬಾಯಿಟ್ಟು ಆಡಿದ ಪಿಸುಮಾತು ಬಾಗಿದ ಗೋಡೆಯನ್ನು ಅನುಸರಿಸಿ ಎದುರುಬದಿಗೆ ಮುಟ್ಟುತ್ತದೆ, ಜೋರಾಗಿ ಕೂಗಿದ್ದು ಏಳು ಸಲ ಮರುದನಿಸುತ್ತದೆ ಎಂಬುದು ಜನರ ಮಾತು. ಬಂದ ಪ್ರತಿ ಕುಟುಂಬವೂ ಈ ಎರಡನೆಯ ಗುಣವನ್ನೇ ಸಿಳ್ಳೆ ಹೊಡೆದು ಪರೀಕ್ಷಿಸುವುದರಿಂದ ಮೊದಲನೆಯದು ಅನುಭವಕ್ಕೆ ಬರುವುದು ಅಪರೂಪ. ಆದರೆ ಕಾಕಾ ಎದುರುಬದಿಯ ಗೋಡೆಗೆ ಕಿವಿಗೊಟ್ಟು ಪ್ರಯೋಗ ತೋರಿಸುತ್ತಿರುವಾಗಲೇ ಗದ್ದಲ ಒಂದು ಗಳಿಗೆ ಅಡಗಿ, ಈಚೆ ವೈನಿ, ಅಂದರೆ ಅತ್ತಿಗೆ, ಕಾಕಾನ ಹೆಂಡತಿಗೆ ಹೇಳುವ ಗುಟ್ಟು ಅಕ್ಷರ ತಪ್ಪದೆ ಅವನನ್ನು ತಲುಪುತ್ತದೆ: "ನಿನ್ನ ಗಂಡ ತಾನೂ ನೋಡಂಗಿಲ್ಲ, ನಮಗೂ ನೋಡಗೊಡಂಗಿಲ್ಲ. ಹೊಟ್ಟಿ ಹಸದದ, ಹೇಳ್ಲಾಕ ನಾಚಗಿ."

ಸಿಟ್ಟಿನಲ್ಲಿ ಒಂದು ಮಾತಾಡಿದರೂ ಅದು ಏಳು ಮಾತಾಗಿ ಪರಊರಿನವರ ಕಿವಿಗೂ ಬೀಳುವ ಜಾಗವದು. ಕಾಕಾ ತುಸು ಹೊತ್ತು ಗುಮ್ಮಟವನ್ನೇ ನೋಡುತ್ತ ನಿಂತು, ಬಳಿಕ ಉದ್ಯಾನದ ನೆರಳು ಕೂಡಲು ಬಲು ಚಲೋ ಇದೆಯೆಂದೂ, ಬುತ್ತಿ ಈಗಲೇ ಬಿಚ್ಚಬಹುದೆಂದೂ ಘೋಷಿಸುತ್ತಾನೆ. ಗುಮ್ಮಟವು ಆ ಘೋಷಣೆಯನ್ನು ಮತ್ತೆ ಮತ್ತೆ ಸಾರುತ್ತಿದ್ದಂತೆ, ಅಫಜಲಪುರ, ಆಳಂದಗಳ ಕಡೆಯಿಂದ ಬಂದ ಎರಡು ಕುಟುಂಬಗಳೂ ತಮ್ಮ ಕಾಕಾಗಳ ಮುಖ ನೋಡಿ ಮೆಟ್ಟಿಲಿನತ್ತ ಹೊರಡುತ್ತವೆ.