ರೊಕ್ಕ ಕೊಟ್ಟು ನೋಡುವ ಎತ್ತು

ಡಿಸೆಂಬರ್ ಹತ್ತಿರ ಬಂತೆಂದರೆ ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಶಾಲೆಗಳಲ್ಲಿ ಕರಿಹಲಗೆಯ ಮೇಲೆ ಗಣಿತ ಇರುತ್ತದೆ, ಮಕ್ಕಳ ತಲೆಯಲ್ಲಿ ಬಸ್ಸು ಇರುತ್ತದೆ. ಎಲ್ಲಿಗೆ ಪ್ರವಾಸ? ಬಾದಾಮಿ, ಐಹೊಳೆ, ಪಟ್ಟದಕಲ್ಲು ಅಣ್ಣ ನೋಡಿ ಬಂದ. ಹಂಪಿ, ಆನೆಗೊಂದಿ ಅಕ್ಕ ನೋಡಿ ಬಂದಳು. ಕೂಡಲಸಂಗಮಕ್ಕೆ ಅವ್ವನೇ ಕರೆದುಕೊಂಡು ಹೋಗಿದ್ದಳು. ಹೀಗೆ ಗುಡಿಗಳೆಲ್ಲ ಮುಗಿದ ಮೇಲೆ ಮಾಸ್ತರ ಬೆರಳು ನಕಾಶೆಯ ಮೇಲೆ ಗಜೇಂದ್ರಗಡ, ಗದಗ, ಹುಬ್ಬಳ್ಳಿ ದಾಟಿ ಹಾವೇರಿ ಜಿಲ್ಲೆಗಿಳಿದು, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ನಿಲ್ಲುತ್ತದೆ. ಅಲ್ಲಿದೆ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್. ಉತ್ತರ ಕರ್ನಾಟಕದ ಹಳೆಯ ಹಳ್ಳಿಯೊಂದು ಒಕ್ಕಲು, ಕಸುಬು, ದನಕರು ಸಮೇತ ಆಳೆತ್ತರದ ಶಿಲ್ಪವಾಗಿ ನಿಂತುಬಿಟ್ಟಿದೆ.

ತೊಂದರೆ ಶುರುವಾಗುವುದು ಒಪ್ಪಿಗೆ ಪತ್ರಕ್ಕೆ ಮನೆಯಲ್ಲಿ ಸಹಿ ಹಾಕಿಸುವಾಗ. ಅಪ್ಪ ಹಾಕಿಬಿಡುತ್ತಾನೆ. ಪಡಸಾಲೆಯಲ್ಲಿ ಕೂತ ಅಜ್ಜ ಬಿಡುವುದಿಲ್ಲ.

“ಏನ್ ತೋರಸ್ತಾರಲೇ ಅಲ್ಲಿ?”

“ಎತ್ತು, ಎಮ್ಮಿ, ಒಕ್ಕಲಗೇರು, ಹಳೇ ಮನಿ...”

“ಜೀವಂತ ಅದಾವೇನು ಎತ್ತು?”

“ಇಲ್ಲಜ್ಜ, ಸಿಮಿಟಿನವು.”

“ಹಿತ್ತಲದಾಗ ಜೀವಂತ ನಿಂತಾವು, ಅವಕ್ಕ ಒಂದು ಹೊರಿ ಮೇವು ಹಾಕಂದ್ರ ಓಡಿ ಹೋಗ್ತಿ. ಸಿಮಿಟಿನವು ನೋಡಾಕ ರೊಕ್ಕ ಕೊಡು ಅಂತಿ!”

ಅಜ್ಜನ ಈ ತರ್ಕಕ್ಕೆ ಶಿಕ್ಷಣ ಇಲಾಖೆಯ ಯಾವ ಸುತ್ತೋಲೆಯಲ್ಲೂ ಉತ್ತರ ಸಿಗದು. ಆದರೆ ಹಳೆಯ ಒಕ್ಕಲುತನವನ್ನು ಟಿಕೆಟ್ ಕೊಟ್ಟು ನೋಡುವ ಹುಚ್ಚು ಹನುಮಸಾಗರದಲ್ಲಿ ಹುಟ್ಟಿದ್ದಲ್ಲ. ಸ್ವೀಡನ್ನಿನ ಆರ್ಟುರ್ ಹಜೇಲಿಯಸ್ 1891ರಲ್ಲೇ ಸ್ಟಾಕ್‌ಹೋಮಿನಲ್ಲಿ ‘ಸ್ಕಾನ್ಸೆನ್’ ತೆರೆದು, ಊರೂರಿನ ಹಳೆಯ ರೈತರ ಮನೆಗಳನ್ನು ಬಿಚ್ಚಿ ತಂದು ಜೋಡಿಸಿದ. ಅಮೆರಿಕದ ಅಯೋವಾದಲ್ಲಿ ಮೊದಲ ವಲಸೆಗಾರರ ಹೊಲಗಳನ್ನು ಹಾಗೇ ಉಳುತ್ತ ತೋರಿಸುವ ‘ಲಿವಿಂಗ್ ಹಿಸ್ಟರಿ ಫಾರ್ಮ್ಸ್’ ಇದೆ; 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬಂದು ಪ್ರಾರ್ಥನೆ ನಡೆಸಿದ್ದು ಅಲ್ಲೇ. ನಮ್ಮಲ್ಲಿ ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿ ಬೀಸುವ ಕಲ್ಲು, ಒನಕೆಗಳಿಗೂ ಮರ್ಯಾದೆ ತಂದರು. ಅಯೋವಾದಂಥ ಕಡೆ ಅಮೆರಿಕದ ಮಕ್ಕಳು ಬೆಣ್ಣೆ ಕಡೆದು ಚಪ್ಪಾಳೆ ಗಿಟ್ಟಿಸುತ್ತಾರೆ. ಕುಷ್ಟಗಿ ಸೀಮೆಯಲ್ಲಿ ಮಜ್ಜಿಗೆ ಕಡೆಯುವುದು ಪಾಠವಲ್ಲ, ಆದಿತ್ಯವಾರ ಅವ್ವನ ಕಣ್ಣು ತಪ್ಪಿಸಬೇಕಾದ ಕಾರಣ.

ಬಸ್ಸು ನಸುಕಿನಲ್ಲಿ ಹೊರಡುತ್ತದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಗಂಟುಗಳು ಗಜೇಂದ್ರಗಡ ಬರುವ ಮೊದಲೇ ಬಿಚ್ಚಿಕೊಳ್ಳುತ್ತವೆ. ವಾಂತಿ ಮಾಡುವವರಿಗೆ ಕಿಟಕಿ, ಉಳಿದವರಿಗೆ ನಿಂಬೆಹಣ್ಣು. ಮಾಸ್ತರು ತಲೆ ಎಣಿಸುತ್ತಾರೆ, ಮತ್ತೆ ಎಣಿಸುತ್ತಾರೆ, ಪ್ರತಿ ಸಲವೂ ಬೇರೆ ಲೆಕ್ಕ.

ಗೊಟಗೋಡಿಯಲ್ಲಿ ಇಳಿದ ಮೇಲೆ ನಡೆಯುವುದು ವೀಕ್ಷಣೆಯಲ್ಲ, ತಪಾಸಣೆ. ಬೆಂಗಳೂರಿನ ಮಕ್ಕಳು ಎತ್ತಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರೆ, ಈ ಮಕ್ಕಳು ಎತ್ತಿನ ಬಾಯಿ ನೋಡುತ್ತಾರೆ. ದನದ ಸಂತೆ ಕಂಡವರಿಗೆ ಅದು ಅಭ್ಯಾಸ. ಎತ್ತಿನ ವಯಸ್ಸು ಹಲ್ಲಿನಲ್ಲಿ. ಎರಡು ವರ್ಷದ ಸುಮಾರಿಗೆ ಹಾಲುಹಲ್ಲು ಬಿದ್ದು ಜೋಡಿ ಹಲ್ಲು ಬರುತ್ತವೆ. ಎರಡಲ್ಲ, ನಾಲ್ಕಲ್ಲ, ಆರಲ್ಲ ದಾಟಿ ಎಂಟಾದರೆ ಬಾಯಿಗೂಡಿತು. “ಸರ್, ಇದು ಎಷ್ಟು ಹಲ್ಲಿಂದರಿ?” ಎಂಬ ಪ್ರಶ್ನೆಗೆ, ಪೇಟೆಯಲ್ಲಿ ಓದಿ ಬಂದ ಸಮಾಜ ವಿಜ್ಞಾನದ ಮಾಸ್ತರು “ಮುಂದಕ್ಕ ನಡೀರಿ” ಎನ್ನುತ್ತಾರೆ. ಪರೀಕ್ಷೆಯಲ್ಲಿ ಯಾವತ್ತೂ ಪಾಸಾಗದ ಹುಡುಗನೊಬ್ಬ ಆ ಹೊತ್ತಿಗೆ ಹಿಂದೆ ಗುಂಪು ಕಟ್ಟಿಕೊಂಡು ಉಳುವ ರಂಟಿ, ಹರಗುವ ಕುಂಟಿ, ಎಡೆಕುಂಟಿಯ ಪಾಠ ಶುರು ಮಾಡಿರುತ್ತಾನೆ. ಇಡೀ ಪ್ರವಾಸದ ಒಳ್ಳೆಯ ಪಾಠ ಅದೇ.

ಬಿತ್ತುವ ಕೂರಿಗೆಯ ಮಾತು ಬಂದರೆ ಅವನು ಇನ್ನೂ ಚುರುಕು. ಮೇಲಿನ ಬಟ್ಟಲಿಗೆ ಕಾಳು ಬಿಟ್ಟರೆ ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲಾಗಿ ಬೀಳುತ್ತದೆ, ಕೈ ತಡವರಿಸಿದರೆ ಸಾಲು ಬೋಳು. 1790ರ ದಶಕದಲ್ಲಿ ಥಾಮಸ್ ಹಾಲ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿ, ಕೂರಿಗೆ ಯುರೋಪಿನ ಹೊಸ ಶೋಧ ಎಂದು ನಂಬಿಕೊಂಡು ಬಂದವನು, ದಕ್ಷಿಣ ಭಾರತದ ಹೊಲದಲ್ಲಿ ಅದನ್ನು ಕಂಡು ಬೆರಗಾಗಿ ಲಂಡನ್ನಿನ ಕೃಷಿ ಮಂಡಳಿಗೆ ವರದಿ ಬರೆದಿದ್ದ.

ಹಂತಿಯ ಮಾತು ಬಂದಾಗ ಮಾತ್ರ ಆ ಹುಡುಗನೂ ತಲೆ ಕೆರೆದುಕೊಳ್ಳುತ್ತಾನೆ. ಕಣದ ನಡುವೆ ಮೇಟಿ ನೆಟ್ಟು, ಎತ್ತು ಕಟ್ಟಿ ತೆನೆಯ ಮೇಲೆ ಸುತ್ತು ಹೊಡೆಸುತ್ತ, ರಾತ್ರಿಯೆಲ್ಲ ಹಾಡುತ್ತ ರಾಶಿ ಮಾಡಿದ್ದನ್ನು ಅವನ ಅಜ್ಜ ಬಲ್ಲ. ಮೊಮ್ಮಗ ಕಂಡಿದ್ದು ಯಂತ್ರ, ಇಲ್ಲವೇ ಡಾಂಬರು ರಸ್ತೆ. ಹುರುಳಿಯನ್ನು ರಸ್ತೆಗೆ ಹಾಸಿಬಿಟ್ಟರೆ ಹೋಗಿಬರುವ ಗಾಡಿಗಳೇ ತುಳಿಯುತ್ತವೆ. ಹಂತಿ ನೋಡಲು ಹೊರಟ ಬಸ್ಸೇ ದಾರಿಯಲ್ಲಿ ಯಾರದೋ ಹಂತಿ ಹೊಡೆದುಕೊಟ್ಟು ಬಂದಿರುತ್ತದೆ, ಬಾಡಿಗೆ ಇಲ್ಲದೆ.

ಇನ್ನು ಈ ಸೀಮೆಯ ಮೊಟ್ಟಮೊದಲ ದನಗಾರರನ್ನೇ ನೋಡಬೇಕೆಂದರೆ ಗೊಟಗೋಡಿಗೆ ಬೆನ್ನು ಹಾಕಿ, ಹೊಸಪೇಟೆ ದಾಟಿ ಬಳ್ಳಾರಿ ರಸ್ತೆಯ ಕುಡತಿನಿಗೆ ಹೋಗಬೇಕು. ಅಲ್ಲಿರುವುದು ಬೂದಿಯ ದಿಬ್ಬ. ಹಿಡಿಂಬಾಸುರನನ್ನು ಸುಟ್ಟ ಬೂದಿ ಎನ್ನುವುದು ಜನರ ಕಥೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನದ ದೊಡ್ಡಿಗಳಲ್ಲಿ ಕೂಡಿಟ್ಟು ಸುಟ್ಟ ಸಗಣಿ ಇಂಥ ದಿಬ್ಬಗಳೆಂಬುದು ವಿದ್ವಾಂಸರ ಮಾತು. ರಾಬರ್ಟ್ ಬ್ರೂಸ್ ಫೂಟ್ ಹಾಗೆ ಹೇಳಿದ್ದರು; ಮುಂದೆ ರೇಮಂಡ್ ಆಲ್ಚಿನ್ ತೆಲಂಗಾಣದ ಉತ್ನೂರಿನ ದಿಬ್ಬವನ್ನು ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ಆದರೆ ತಿಪ್ಪೆ ತೋರಿಸಲು ಬಸ್ಸು ಮಾಡಿಕೊಂಡು ಹೋದರೆಂದು ಊರಲ್ಲಿ ಸುದ್ದಿಯಾದೀತೆಂಬ ಅಂಜಿಕೆಗೆ ಯಾವ ಮಾಸ್ತರೂ ಅತ್ತ ಬಸ್ಸು ತಿರುಗಿಸುವುದಿಲ್ಲ. ತಿರುಗಿಸಬೇಕಿತ್ತು.

ಇಷ್ಟು ದೂರ ಬೇಡ ಎನ್ನುವವರಿಗೆ ಸೀಮೆಯ ಹಳೆಯ ಮನೆಗಳಲ್ಲೇ ಹಗೇವುಗಳಿವೆ, ಕಾಳು ಕೂಡಿಡುವ ನೆಲದೊಳಗಿನ ಗುಂಡಿಗಳು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಒಳಗೆ ಸುತ್ತ ಹುಲ್ಲು ಕೊಟ್ಟು ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಬರಗಾಲಕ್ಕೆ ಬುತ್ತಿ. ಮಕ್ಕಳನ್ನು ಕರೆದೊಯ್ಯುವ ಮಾಸ್ತರಿಗೆ ಒಂದೇ ಮಾತು. ಮುಚ್ಚಿದ ಹಗೇವಿನಲ್ಲಿ ಉಸಿರು ಕಟ್ಟಿಸುವ ಗಾಳಿ ತುಂಬಿರುತ್ತದೆ, ಇಳಿದು ಜೀವ ಕಳೆದುಕೊಂಡವರಿದ್ದಾರೆ. ಹಳಬರು ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು ದೀಪ ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಮಕ್ಕಳು ಮೇಲಿಂದಲೇ ಬಗ್ಗಿ ನೋಡಲಿ, ಟಿಕೆಟ್ ಇಲ್ಲ.