ರೀಚ್ ಪತನ ಮೀಮಾಂಸೆ: ಒಂದು ವಿಡಿಯೊ ಗೇಮ್ ಕಾದಂಬರಿಯ ಪಾಠಾಂತರ ವಿಚಾರ

ಯಾವುದೇ ಘನ ಪ್ರಬಂಧ ಕವಿಯ ಕಾಲ, ದೇಶ, ಮತಗಳ ನಿರ್ಣಯದಿಂದಲೇ ಶುರುವಾಗಬೇಕು ಎಂಬುದು ಕನ್ನಡದ ವಿದ್ವಾಂಸರು ಹಾಕಿಕೊಟ್ಟ ಪದ್ಧತಿ. 'ಕವಿರಾಜಮಾರ್ಗ' ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ತಲೆಮಾರುಗಟ್ಟಲೆ ಜಗ್ಗಾಡಿದ ಪರಂಪರೆ ನಮ್ಮದು. ಅದೇ ಹುಮ್ಮಸ್ಸಿನಲ್ಲಿ 'ಹೇಲೋ: ದಿ ಫಾಲ್ ಆಫ್ ರೀಚ್' ಎಂಬ ಇಂಗ್ಲಿಷ್ ಕಾದಂಬರಿಯನ್ನು ಕೈಗೆತ್ತಿಕೊಂಡ ಪ್ರಬಂಧಕಾರನಿಗೆ ಆರಂಭದಲ್ಲೇ ಆಶಾಭಂಗ. ಕೃತಿಕಾರ ಎರಿಕ್ ನೈಲಂಡ್. ದೇಶ ಅಮೆರಿಕ. ಕಾಲ 2001ರ ಅಕ್ಟೋಬರ್ 30. ಶಾಸನ ಓದುವ, ತಾಳೆಗರಿಯ ಧೂಳು ಕೊಡವುವ ಅವಕಾಶವೇ ಇಲ್ಲ. ಉಳಿದದ್ದು ಮತ. ಪುಣ್ಯಕ್ಕೆ ಅದೊಂದರಲ್ಲೇ ಮೂರ್ನಾಲ್ಕು ಸಂಪುಟಗಳಿಗಾಗುವಷ್ಟು ಜಗಳವಿದೆ.

ಮೊದಲು ವಿಷಯ ಪ್ರವೇಶ. ವಿಡಿಯೊ ಗೇಮ್ ಮಾರಾಟಕ್ಕೆ ಬರುವಾಗ ಅದರ ಬೆನ್ನಿಗೆ ಒಂದು ಕಾದಂಬರಿಯನ್ನೂ ಬಿಡುವುದು ಪಶ್ಚಿಮದ ವ್ಯಾಪಾರದ ರೂಢಿ. ಸಾಹಿತ್ಯ ವಿಮರ್ಶಕರು ಇಂಥ ಪುಸ್ತಕಗಳನ್ನು ಸಾಹಿತ್ಯವೆನ್ನುವುದಿಲ್ಲ. ಆಟವಾಡುವವರಲ್ಲಿ ಬಹುಮಂದಿ ಪುಸ್ತಕವೆಂದೇ ಎಣಿಸುವುದಿಲ್ಲ. ಮೈಕ್ರೋಸಾಫ್ಟ್ ಕಂಪನಿ 2000ದಲ್ಲಿ ಬಂಜೀ ಎಂಬ ಗೇಮ್ ಸಂಸ್ಥೆಯನ್ನು ಕೊಂಡಿತು. ಮರುವರ್ಷದ ನವೆಂಬರ್ 15ರಂದು ಎಕ್ಸ್‌ಬಾಕ್ಸ್ ಯಂತ್ರದ ಜೊತೆಗೆ ಬಂಜೀಯವರ 'ಹೇಲೋ: ಕಾಂಬ್ಯಾಟ್ ಇವಾಲ್ವ್ಡ್' ಬಂತು. ಅದಕ್ಕೆ 16 ದಿನ ಮೊದಲೇ ಡೆಲ್ ರೇ ಪ್ರಕಾಶನ ನೈಲಂಡರ ಕಾದಂಬರಿಯನ್ನು ಅಂಗಡಿಗೆ ಇಳಿಸಿತ್ತು. ನೈಲಂಡ್ ಅದನ್ನು ಬರೆದದ್ದು ಏಳು ವಾರಗಳಲ್ಲಿ. ನಮ್ಮಲ್ಲಿ ಏಳು ವಾರದಲ್ಲಿ ಮುನ್ನುಡಿ ಕೂಡ ಕೈಸೇರುವುದಿಲ್ಲ ಎಂಬುದನ್ನು ಸಹೃದಯರು ಗಮನಿಸಬೇಕು.

ಇಷ್ಟು ಅವಸರದಲ್ಲಿ ಹುಟ್ಟಿದ ಕೃತಿ ಶಾಸ್ತ್ರಗ್ರಂಥವಾದದ್ದು ಹೇಗೆ? ಆಟದಲ್ಲಿ ಮಾಸ್ಟರ್ ಚೀಫ್ ಎಂಬ ಹಸಿರು ಕವಚದ ಯೋಧನಿದ್ದಾನೆ. ಅವನಿಗೆ ಹೆತ್ತವರಿಲ್ಲ, ಬಾಲ್ಯವಿಲ್ಲ, ಮುಖವೂ ಇಲ್ಲ. ಹೆಲ್ಮೆಟ್ ಒಂದಿದೆ, ಬಂದೂಕು ಒಂದಿದೆ, ಆಡುವವನಿಗೆ ಅಷ್ಟು ಸಾಕು. ಕಾದಂಬರಿಗೆ ಸಾಲದು. ಆದ್ದರಿಂದ ನೈಲಂಡ್ 2517ನೇ ಇಸವಿಗೆ ಹಿಂದಿರುಗಿ, ಎರಿಡಾನಸ್-2 ಗ್ರಹದ ಶಾಲೆಯೊಂದರ ಆಟದ ಬಯಲಿನಲ್ಲಿ ಜಾನ್ ಎಂಬ ಆರು ವರ್ಷದ ಹುಡುಗನನ್ನು ತಂದು ನಿಲ್ಲಿಸಿದರು. ಮುಂದಿನ ಹಲ್ಲುಗಳ ನಡುವೆ ಸಂದಿ, ಕೆನ್ನೆಯ ತುಂಬ ಕಂದು ಚುಕ್ಕಿ. ಡಾಕ್ಟರ್ ಕ್ಯಾಥರೀನ್ ಹಾಲ್ಸಿ ಎಂಬ ವಿಜ್ಞಾನಿ ಒಂದು ನಾಣ್ಯ ಚಿಮ್ಮುತ್ತಾಳೆ, ಯಾವ ಮುಖ ಬೀಳುತ್ತದೆ ಹೇಳು ಎನ್ನುತ್ತಾಳೆ. ಹುಡುಗ ತಿರುಗುವ ನಾಣ್ಯದ ಮೇಲೆ ಕಣ್ಣಿಟ್ಟು, ಗಾಳಿಯಲ್ಲೇ ಕಸಿದುಕೊಂಡು, ಹದ್ದಿನ ಮುಖ ಎನ್ನುತ್ತಾನೆ. ಸರಿಯಾಗಿರುತ್ತದೆ. ಬಹುಮಾನವಾಗಿ ನಾಣ್ಯ ಅವನಿಗೆ ಸಿಗುತ್ತದೆ. ಸರ್ಕಾರಕ್ಕೆ ಅವನು ಸಿಗುತ್ತಾನೆ.

ಹೀಗೆ ಅಪಹರಿಸಿದ ಮಕ್ಕಳು 75. ಮನೆಯವರಿಗೆ ಸುಳಿವು ಸಿಗದಿರಲೆಂದು ಪ್ರತಿ ಮಗುವಿನ ಜಾಗದಲ್ಲೂ ತರಾತುರಿಯಲ್ಲಿ ಬೆಳೆಸಿದ ತದ್ರೂಪಿಯೊಂದನ್ನು ಬಿಟ್ಟುಬರುತ್ತಾರೆ. ಅವು ರೋಗ ಹಿಡಿದು ಸಾಯುತ್ತವೆ, ತಾಯಿತಂದೆ ಮಣ್ಣು ಮಾಡುತ್ತಾರೆ. ಹದಿನಾಲ್ಕರ ವಯಸ್ಸಿನಲ್ಲಿ ನಡೆದ ಶಸ್ತ್ರಚಿಕಿತ್ಸೆಗಳಲ್ಲಿ 30 ಮಕ್ಕಳು ಸಾಯುತ್ತಾರೆ, 12 ಮಂದಿ ಅಂಗವಿಕಲರಾಗುತ್ತಾರೆ, ಯುದ್ಧಕ್ಕೆ ಯೋಗ್ಯರಾಗಿ ಎದ್ದವರು 33. ಆಟ ಮಾರಲೆಂದು ಬರೆಸಿದ ಪುಸ್ತಕವೊಂದು ಆಟದ ನಾಯಕನನ್ನೇ ಸರ್ಕಾರಿ ಅಪರಾಧವೊಂದರ ಸಾಕ್ಷಿಯನ್ನಾಗಿ ಮಾಡಿಬಿಟ್ಟಿತು. ಜಾಹೀರಾತಿನ ಕೆಲಸಕ್ಕೆ ಇಟ್ಟುಕೊಂಡವನು ಇಷ್ಟು ನಿಷ್ಠೆಯಿಂದ ಬರೆಯುವುದು ಬಹಳ ಅಪಾಯಕಾರಿ.

ಈಗ ಪಾಠಾಂತರದ ಪ್ರಶ್ನೆ. ಕಾದಂಬರಿಯ ಪ್ರಕಾರ ಮನುಷ್ಯರ ಸೇನಾ ಗ್ರಹವಾದ ರೀಚ್ ಮೇಲೆ ಕೋವೆನೆಂಟ್ ಎಂಬ ಅನ್ಯಗ್ರಹ ಕೂಟ ಎರಗುವುದು 2552ರ ಆಗಸ್ಟ್ 30ರಂದು, 300ಕ್ಕೂ ಹೆಚ್ಚು ಹಡಗುಗಳೊಂದಿಗೆ, ಹೇಳದೆ ಕೇಳದೆ. ಒಂದೇ ದಿನದಲ್ಲಿ ಎಲ್ಲ ಮುಗಿಯುತ್ತದೆ. ಒಂಬತ್ತು ವರ್ಷ ಅಭಿಮಾನಿಗಳು ಇದನ್ನೇ ನಂಬಿಕೊಂಡಿದ್ದರು. 2010ರ ಸೆಪ್ಟೆಂಬರ್ 14ರಂದು ಬಂಜೀಯವರು 'ಹೇಲೋ: ರೀಚ್' ಎಂಬ ಹೊಸ ಆಟ ಬಿಡುಗಡೆ ಮಾಡಿದರು. ಅದರಲ್ಲಿ ಶತ್ರು ರೀಚ್‌ಗೆ ಕಾಲಿಡುವುದು ಜುಲೈ 24ಕ್ಕೆ! ಆಗಸ್ಟ್ 14ಕ್ಕೆ ದೈತ್ಯ ನೌಕೆಯೊಂದನ್ನು ಸ್ಫೋಟಿಸಲಾಗುತ್ತದೆ. 23ಕ್ಕೆ ನ್ಯೂ ಅಲೆಕ್ಸಾಂಡ್ರಿಯ ಎಂಬ ನಗರ ಹೊತ್ತಿ ಉರಿಯುತ್ತದೆ.

ಇಲ್ಲಿ ಸೂಕ್ಷ್ಮವಾಗಿ ನೋಡಬೇಕಾದದ್ದು ಆಗಸ್ಟ್ 29ರ ದಿನಚರಿ. ಕಾದಂಬರಿಯಲ್ಲಿ ಅಂದು ಬೆಳಿಗ್ಗೆ ಮಾಸ್ಟರ್ ಚೀಫ್ ರೀಚ್‌ನಲ್ಲೇ, ಹೊಸ ಕವಚ ತೊಟ್ಟು, ಕೊರ್ಟಾನಾ ಎಂಬ ಕೃತಕ ಬುದ್ಧಿಮತ್ತೆಯನ್ನು ತಲೆಯೊಳಗೆ ಇರಿಸಿಕೊಂಡು ಕವಾಯತಿನ ಮೈದಾನದಲ್ಲಿ ಪರೀಕ್ಷೆ ಬರೆಯುತ್ತಿದ್ದಾನೆ. ಅಡೆತಡೆ ದಾಟಬೇಕು, ಕೊನೆಯಲ್ಲಿರುವ ಗಂಟೆ ಬಾರಿಸಬೇಕು. ಇಲಾಖೆಯೊಳಗಿನ ಹಗೆಯ ಕರ್ನಲ್ ಆಕರ್ಸನ್ ಆ ಪರೀಕ್ಷೆಗೆ ಒಂದು ಯುದ್ಧವಿಮಾನವನ್ನೇ ಛೂ ಬಿಡುತ್ತಾನೆ. ಆಟದಲ್ಲಿ? ಅದೇ ಆಗಸ್ಟ್ 29, ಅದೇ ಗ್ರಹ. ಆರು ದಿನ ಹಿಂದೆ ನಗರ ಉರಿದಿದೆ. ಡಾಕ್ಟರ್ ಹಾಲ್ಸಿ ಮಂಜಿನ ನಾಡಿನ ನೆಲಮಾಳಿಗೆಯಲ್ಲಿ ನಿಂತು ಅದೇ ಕೊರ್ಟಾನಾಳನ್ನು ನೋಬಲ್ ಸಿಕ್ಸ್ ಎಂಬ ಬೇರೊಬ್ಬ ಯೋಧನ ಕೈಗೆ ಒಪ್ಪಿಸುತ್ತಿದ್ದಾಳೆ. ಒಂದು ಗ್ರಹ ನಾಶವಾಗುತ್ತಿರುವಾಗ ಇನ್ನೊಂದು ಮೂಲೆಯಲ್ಲಿ ಇಲಾಖಾ ಪರೀಕ್ಷೆ ನಿಗದಿತ ವೇಳೆಗೆ ನಡೆಯಿತೆಂದರೆ, ಸರ್ಕಾರಿ ಕಚೇರಿ ಕಂಡ ಓದುಗನಿಗೆ ಅದರಲ್ಲಿ ಅಸಂಭವವೇನೂ ಕಾಣದು. ಆದರೆ ಅಭಿಮಾನಿಗಳು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ.

ಅವರಲ್ಲಿ ಮೊದಲನೆಯವರು ಗ್ರಂಥಪ್ರಾಮಾಣ್ಯವಾದಿಗಳು. ಹೈಸ್ಕೂಲಿನ ವಯಸ್ಸಿನಲ್ಲಿ ಪುಸ್ತಕ ಓದಿ, ನಾಣ್ಯದ ಪ್ರಸಂಗಕ್ಕೆ ಮರುಳಾದವರು. ಇವರ ಪ್ರಕಾರ 2010ರ ಆಟ ಎಷ್ಟೇ ಚೆನ್ನಾಗಿದ್ದರೂ ಧರ್ಮಭ್ರಷ್ಟ. ಒಂದು ದಿನದ ಪತನವನ್ನು ಐದು ವಾರಕ್ಕೆ ಎಳೆದ ಪಾಪಕ್ಕೆ ಪ್ರಾಯಶ್ಚಿತ್ತವಿಲ್ಲ.

ಎದುರು ಬಣದವರು ಕ್ರೀಡಾಪ್ರಾಮಾಣ್ಯವಾದಿಗಳು. ಶ್ರುತಿ ಸ್ಮೃತಿಗಳಿಗೆ ವಿರೋಧ ಬಂದರೆ ಶ್ರುತಿಯೇ ಗೆಲ್ಲುತ್ತದೆ ಎಂದು ಮೀಮಾಂಸಕರು ಹೇಳಿದಂತೆ, ಆಟ ಪುಸ್ತಕಗಳಿಗೆ ವಿರೋಧ ಬಂದರೆ ಆಟವೇ ಪ್ರಮಾಣ ಎಂದು ಇವರ ಸೂತ್ರ. ಕೇಳಲು ಭದ್ರವಾಗಿದೆ. ಇಲ್ಲೊಂದು ಆಕ್ಷೇಪ: ಈ ಮತದಲ್ಲಿ ಸ್ಮೃತಿಯೇ ಶ್ರುತಿಗಿಂತ 16 ದಿನ ಹಿರಿಯದು. ಅದಕ್ಕೆ ಅವರ ಸಮಾಧಾನ, ಪುಸ್ತಕ ಮೊದಲು ಅಚ್ಚಾದರೂ ಆಟ ಮೊದಲು ಕಲ್ಪಿತವಾಯಿತು, ನೈಲಂಡ್ ಬರೆದದ್ದೇ ಆಟದ ತಂಡ ಕೊಟ್ಟ ಕಥಾಸಂಹಿತೆಯನ್ನು ಮುಂದಿಟ್ಟುಕೊಂಡು, ಎಂದು. ಮೊದಲನೆಯ ಬಣ ಸುಮ್ಮನಿರುತ್ತದೆಯೇ? ಹಾಗಾದರೆ ಒಂಬತ್ತು ವರ್ಷದ ಮೇಲೆ ಬಂದ ಆಟ ಯಾವ ಶ್ರುತಿ, ಅದು ಪುರಾಣವಲ್ಲವೇ ಎಂದು ಮರುಪ್ರಶ್ನೆ.

ಮೂರನೆಯವರು ಸಮನ್ವಯವಾದಿಗಳು. ಇವರ ಕೈಯಲ್ಲಿ ಒಂದು ಹಸ್ತಪ್ರತಿಯಿದೆ. 'ಹೇಲೋ: ರೀಚ್' ಬಿಡುಗಡೆಯಾದಾಗ ಸಾದಾ ಡಬ್ಬಿಯ ಬೆಲೆ 60 ಡಾಲರ್, ವಿಶೇಷ ಡಬ್ಬಿಯದು 80 ಇತ್ತು. ಆ ವಿಶೇಷ ಡಬ್ಬಿಯಲ್ಲಿ ಡಾಕ್ಟರ್ ಹಾಲ್ಸಿಯ ಖಾಸಗಿ ದಿನಚರಿ ಎಂಬ ಪುಸ್ತಕವಿತ್ತು. ಕೈಬರಹದಂತೆ ಅಚ್ಚಾದ ಟಿಪ್ಪಣಿ, ನಡುವೆ ಬಿಡಿ ಕಾಗದಗಳು, ಅಂಚಿನಲ್ಲಿ ಗೀಚಿದ ಚಿತ್ರ. ಕಾದಂಬರಿಗೂ ಆಟಕ್ಕೂ ಬಿದ್ದ ಬಿರುಕನ್ನು ಈ ದಿನಚರಿ ಆದಷ್ಟು ತೇಪೆ ಹಾಕುತ್ತದೆ. ಒಂದೇ ದಿನ ಎರಡು ಕಡೆ ಇದ್ದ ಕೊರ್ಟಾನಾಳ ತೊಡಕಿಗೂ ಈ ಪಂಥದವರಲ್ಲಿ ಪರಿಹಾರವುಂಟು: ಅವಳು ತನ್ನನ್ನೇ ಎರಡು ಪಾಲು ಮಾಡಿಕೊಂಡಳು, ನೋಬಲ್ ಸಿಕ್ಸ್‌ಗೆ ಸಿಕ್ಕಿದ್ದು ಒಂದು ತುಣುಕು. ದ್ವೈತಕ್ಕೂ ಅದ್ವೈತಕ್ಕೂ ಏಕಕಾಲದಲ್ಲಿ ಒಪ್ಪಿಗೆಯಾಗುವ ಪರಿಹಾರ ಇದು, ಕೇವಲ 20 ಡಾಲರ್ ಹೆಚ್ಚುವರಿ ಬೆಲೆಗೆ. ನಮ್ಮ ಆಚಾರ್ಯರು ಭಾಷ್ಯ ಬರೆಯಲು ಆಯುಷ್ಯ ಸವೆಸಿದರೇ ಹೊರತು ಭಾಷ್ಯವನ್ನು ಡಬ್ಬಿಯಲ್ಲಿಟ್ಟು ಮಾರುವ ಉಪಾಯ ಅವರಿಗೆ ಹೊಳೆಯಲಿಲ್ಲ.

ನಾಲ್ಕನೆಯವರು ಚಾರ್ವಾಕರು. ಕಥೆಯ ದೃಶ್ಯ ಬಂದೊಡನೆ ಗುಂಡಿ ಒತ್ತಿ ದಾಟಿಸಿ, ಗೆಳೆಯರ ಜೊತೆ ಗುಂಡು ಹಾರಿಸಿಕೊಂಡು ಸುಖವಾಗಿರುತ್ತಾರೆ. ಇವರಿಗೆ ಶಾಸ್ತ್ರದಲ್ಲಿ ಅಧಿಕಾರವಿಲ್ಲ.

ಗ್ರಂಥಸಂಪಾದನೆಯ ದೃಷ್ಟಿಯಿಂದ ಇನ್ನೊಂದು ಗಂಡಾಂತರ ಉಂಟು. ಆಟ ಬರುವ ಮುನ್ನ 2010ರ ಆಗಸ್ಟ್‌ನಲ್ಲಿ ಟಾರ್ ಪ್ರಕಾಶನ ಇದೇ ಕಾದಂಬರಿಯನ್ನು ಮರುಮುದ್ರಿಸಿತು. ಕೆಲವು ತಪ್ಪು ತಿದ್ದಿ, ಹೊಸ ಸಾಮಗ್ರಿ ಸೇರಿಸಿತು. ಇದರಿಂದ ಪ್ರಾಚೀನ ಪಾಠ, ನವೀನ ಪಾಠ ಎಂದು ಎರಡಾದವು. ಲೇಖಕ ಬದುಕಿರುವಾಗಲೇ, ಬರೆದು ಒಂಬತ್ತೇ ವರ್ಷಕ್ಕೆ ಪಾಠಾಂತರ ಗಳಿಸಿಕೊಳ್ಳುವ ಯೋಗ ಎಷ್ಟು ಕೃತಿಗಳಿಗಿದೆ? ಪಂಪನಿಗೂ ಲಿಪಿಕಾರರ ತಪ್ಪಿಗಾಗಿ ಶತಮಾನಗಳು ಕಾಯಬೇಕಾಯಿತು.

ತಾರೀಖಿನ ಜಗಳ ಒಂದು ಕಡೆಯಾದರೆ ಧರ್ಮದ ಜಗಳ ಇನ್ನೊಂದು ಕಡೆ, ಮತ್ತು ಪ್ರಬಂಧಕಾರನ ಅಭಿಪ್ರಾಯದಲ್ಲಿ ಇದೇ ದೊಡ್ಡದು. ಹಾಲ್ಸಿ ಮನುಕುಲವನ್ನು ಉಳಿಸಿದಳೋ, ಮಕ್ಕಳನ್ನು ಕದ್ದಳೋ? ಎರಡೂ ಹೌದು ಎಂಬುದು ನೈಲಂಡರ ಕಾದಂಬರಿಯ ಜಾಣ್ಮೆ. ಆಕೆಗೆ ಪಾಪಪ್ರಜ್ಞೆಯನ್ನೂ ಕೊಟ್ಟು, ಕೆಲಸವನ್ನೂ ಮಾಡಿಸಿದ್ದಾರೆ. 2011ರಲ್ಲಿ ಇಂಗ್ಲೆಂಡಿನ ಲೇಖಕಿ ಕ್ಯಾರೆನ್ ಟ್ರಾವಿಸ್ 'ಗ್ಲಾಸ್‌ಲ್ಯಾಂಡ್ಸ್' ಬರೆದು, ಪತ್ರಕರ್ತೆಯಾಗಿದ್ದವರಿಗೆ ತಕ್ಕ ನೇರ ಮಾತಿನಲ್ಲಿ ಹಾಲ್ಸಿಯನ್ನು ಕಟಕಟೆಗೆ ಹತ್ತಿಸಿದರು. ಕಂಡಕಂಡ ಪಾತ್ರಗಳೆಲ್ಲ ಆಕೆಗೆ ಛೀಮಾರಿ ಹಾಕುತ್ತವೆ. ಅಭಿಮಾನಿಗಳು ಇಬ್ಭಾಗವಾದರು. ಕೊನೆಗೂ ಒಬ್ಬರು ಹೇಳಬೇಕಾದದ್ದನ್ನು ಹೇಳಿದರು ಎಂದು ಅರ್ಧ ಜನ. ಉಳಿದರ್ಧ ಕೇಳಿದ ಪ್ರಶ್ನೆ ಬೇರೆ: ಅನಾಥ ಮಕ್ಕಳನ್ನು ಮುಂದಿನ ತಂಡದ ಯೋಧರನ್ನಾಗಿ ಮಾಡಲು ಒಪ್ಪಿಗೆಯಿತ್ತ ಅಡ್ಮಿರಲ್ ಪರಂಗೋಸ್ಕಿಗೆ, ಎರಡೂ ತಂಡದ ಮಕ್ಕಳಿಗೆ ಕವಾಯತು ಮಾಡಿಸಿದ ಮೆಂಡೆಜ್‌ಗೆ ಹಾಲ್ಸಿಯನ್ನು ಬಯ್ಯುವ ಅರ್ಹತೆ ಎಲ್ಲಿಂದ ಬಂತು? ಪ್ರಶ್ನೆ ನ್ಯಾಯವಾಗಿದೆ. ಉತ್ತರ ಆ ಕಾದಂಬರಿಯಲ್ಲಿ ಸಿಗುವುದಿಲ್ಲ.

ಜಗಳವಿಲ್ಲದ ಕಡೆ ಶಾಸ್ತ್ರ ಬೆಳೆಯುವುದಿಲ್ಲ ಎನ್ನುವುದಕ್ಕೆ ವಿಲಿಯಂ ಡೀಟ್ಸ್ ಅವರ ಎರಡು ಕೃತಿಗಳು ನಿದರ್ಶನ. 2003ರ 'ಹೇಲೋ: ದಿ ಫ್ಲಡ್' ಮೊದಲ ಆಟದ ಕಥೆಯನ್ನೇ ಪುಸ್ತಕವಾಗಿಸಿತು. ತಾವು ಆಡಿ ಮುಗಿಸಿದ ಕಾದಾಟವನ್ನು ಇನ್ನೊಮ್ಮೆ ಓದುವುದೇಕೆಂದು ಕೆಲವರು ಮುಖ ಸಿಂಡರಿಸಿದರು. ಮಾಸ್ಟರ್ ಚೀಫ್‌ನನ್ನು ಬೇಟೆಯಾಡಲು ಹೊರಟ ಶತ್ರುನಾಯಕನ ಬಾಲ ಹಿಡಿದು, ಜೀವ ಉಳಿದರೆ ಸಾಕೆಂದು ಅಲೆಯುವ ಯಾಯಪ್ ಎಂಬ ಪುಕ್ಕಲ ಕುಳ್ಳನಿಗಾಗಿ ಇನ್ನು ಕೆಲವರು ಅದನ್ನು ಈಗಲೂ ಎತ್ತಿ ಹಿಡಿಯುತ್ತಾರೆ. ಇಪ್ಪತ್ತು ವರ್ಷ ಕಳೆದರೂ ಮಾತು ನಿಂತಿಲ್ಲ. ಅದೇ ಡೀಟ್ಸ್ 2012ರ ಜನವರಿಯಲ್ಲಿ ಬೇರೊಂದು ಆಟದ ಲೋಕಕ್ಕೆ 'ಮಾಸ್ ಎಫೆಕ್ಟ್: ಡಿಸೆಪ್ಶನ್' ಬರೆದರು. ಹಿಂದಿನ ಕಾದಂಬರಿಯಲ್ಲಿ ಗಿಲಿಯನ್ ಎಂಬ ಹುಡುಗಿಗಿದ್ದ ಆಟಿಸಂ ಇಲ್ಲಿ ಹೇಳಹೆಸರಿಲ್ಲದೆ ಮಾಯವಾಗಿತ್ತು. ಪುರುಷರಲ್ಲಿ ಒಲವಿದ್ದ ಹೆಂಡೆಲ್ ಹೆಂಗಸರ ಕಡೆ ನೋಡತೊಡಗಿದ್ದ. ಓದುಗರು ಕೂಡಿ ಉದ್ದನೆಯ ತಪ್ಪು–ಒಪ್ಪು ಪಟ್ಟಿ ತಯಾರಿಸಿದರು. ಆಟದ ಸಂಸ್ಥೆ ಬಯೋವೇರ್ ಹಾಗೂ ಪ್ರಕಾಶಕರಾದ ಡೆಲ್ ರೇ ಬೆನ್ನಲ್ಲೇ ಕ್ಷಮೆ ಕೇಳಿ, ಮುಂದಿನ ಮುದ್ರಣದಲ್ಲಿ ತಿದ್ದುತ್ತೇವೆ ಎಂದರು. ಪೂರ್ವಪಕ್ಷವೇ ಇಲ್ಲದ ಮೇಲೆ ಸಿದ್ಧಾಂತ ಎಲ್ಲಿಯದು? ಎಲ್ಲರೂ ಒಂದೇ ಮಾತು ಹೇಳಿದ್ದರಿಂದ ಆ ಪುಸ್ತಕದ ಬಗ್ಗೆ ಹೇಳಲು ಏನೂ ಉಳಿಯಲಿಲ್ಲ.

ಮೂರನೆಯ ಪಾಠವನ್ನೂ ಇಲ್ಲಿ ದಾಖಲಿಸಿಬಿಡಬೇಕು. 2022ರಲ್ಲಿ ಪ್ಯಾರಾಮೌಂಟ್ ಪ್ಲಸ್‌ನಲ್ಲಿ ಹೇಲೋ ಧಾರಾವಾಹಿಯಾಗಿ ಬಂತು. ಇಪ್ಪತ್ತು ವರ್ಷ ಆಟಗಳು ಮುಚ್ಚಿಟ್ಟಿದ್ದ ಮುಖವನ್ನು ಮಾಸ್ಟರ್ ಚೀಫ್ ಮೊದಲ ಕಂತು ಮುಗಿಯುವಷ್ಟರಲ್ಲಿ ಹೆಲ್ಮೆಟ್ ತೆಗೆದು ತೋರಿಸಿಬಿಟ್ಟ. ಜಗಳ ನಿರೀಕ್ಷಿಸಿದ್ದ ನಿರ್ಮಾಪಕರು, ಇದು ಬೇರೆಯದೇ ಕಾಲರೇಖೆ, ಪುಸ್ತಕಕ್ಕೂ ಆಟಕ್ಕೂ ಇದರ ಹೊಣೆಯಿಲ್ಲ ಎಂದು ಮೊದಲೇ ಜಾಮೀನು ಪಡೆದಿದ್ದರು. 2024ರ ಎರಡನೆಯ ಸರಣಿಯಲ್ಲಿ ರೀಚ್ ಮತ್ತೊಮ್ಮೆ ಬಿತ್ತು, ತನ್ನದೇ ರೀತಿಯಲ್ಲಿ. ಆ ವರ್ಷವೇ ಧಾರಾವಾಹಿಯೂ ನಿಂತಿತು.

ಇನ್ನು ನಿರ್ಣಯ. ಕಾಲದ ವಿಷಯದಲ್ಲಿ ಪುಸ್ತಕವೇ ಪ್ರಮಾಣ: ಸೂರ್ಯ ಮುಳುಗುವುದರೊಳಗೆ ಮುಗಿದುಹೋಗುವ ಸೋಲಿನಲ್ಲಿರುವ ದಿಗಿಲು ಐದು ವಾರದ ಹೋರಾಟದಲ್ಲಿ ಇಲ್ಲ. ಮರಣದ ವಿಷಯದಲ್ಲಿ ಆಟವೇ ಪ್ರಮಾಣ. ಅದರ ಕಡೆಯ ಘಟ್ಟದಲ್ಲಿ ನೋಬಲ್ ಸಿಕ್ಸ್ ಒಂಟಿಯಾಗಿ ನಿಲ್ಲುತ್ತಾನೆ, ಬದುಕುಳಿಯಬೇಕೆಂಬ ಒಂದೇ ಆಜ್ಞೆ ತೆರೆಯ ಮೇಲೆ ಮೂಡುತ್ತದೆ, ಎಷ್ಟು ಚೆನ್ನಾಗಿ ಆಡಿದರೂ ಅದು ಸಾಧ್ಯವಿಲ್ಲ. ಕಾದಂಬರಿಯ ಯಾವ ಪುಟವೂ ಓದುಗನನ್ನು ಹಾಗೆ ಸೋಲಿಸಲಾರದು. ಹಾಲ್ಸಿಯ ದಿನಚರಿ ಪ್ರಕ್ಷಿಪ್ತ, ಆದರೆ ಕಾಗದ ಚೆನ್ನಾಗಿದೆ. ಧಾರಾವಾಹಿ ಅಪಪಾಠ. ಈ ತೀರ್ಪನ್ನು ಒಪ್ಪದ ವಿದ್ವಾಂಸರು ಡೆಲ್ ರೇಯ 2001ರ ಪ್ರತಿಯನ್ನೂ ಟಾರ್‌ನ 2010ರ ಪ್ರತಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ, ಆಟವನ್ನೂ ಆಡಿ ಮುಗಿಸಿ, ಆಮೇಲೆ ವಾದಕ್ಕೆ ಬರಬೇಕಾಗಿ ವಿನಂತಿ. ಎರಡಕ್ಕೂ ಆಗುವ ಖರ್ಚು ವಾದಿಗಳದ್ದೇ.