ಪಿಂಚಣಿ ಅರ್ಜಿಯವರಿಗೆ, ತಾಳವಾಡಿ ಬೆಟ್ಟದಿಂದ

ಮಹಾರಾಜಶ್ರೀ ಓಎಪಿ (ವೃದ್ಧಾಪ್ಯ ಪಿಂಚಣಿ) ಅರ್ಜಿಯವರ ಸನ್ನಿಧಾನಕ್ಕೆ,

ತಮಿಳುನಾಡಿನ ತಾಳವಾಡಿ ಫಿರ್ಕಾದ ಅಜ್ಜ ಅಜ್ಜಿಯರು ಕೈಮುಗಿದು ಬರೆಸುವ ಕಾಗದ. ಈ ಕಡೆ ಸದ್ಯಕ್ಕೆ ಎಲ್ಲರೂ ಉಸಿರಾಡುತ್ತಿದ್ದಾರೆ. ತಾವು ಎಲ್ಲಿದ್ದೀರಿ, ಯಾರ ಮೇಜಿನ ಮೇಲಿದ್ದೀರಿ, ಉಂಡಿರಾ, ಮಲಗಿದಿರಾ ಎಂಬ ಚಿಂತೆಯೇ ಅವರಿಗೆ ಹೆಚ್ಚು.

ಇ-ಸೇವೈ ಕೇಂದ್ರದ ಹುಡುಗ ಗುಂಡಿ ಒತ್ತಿದ ಗಳಿಗೆಯಲ್ಲಿ ತಾವು ಹೊರಟಿರಿ. ತಮ್ಮನ್ನು ಕಳಿಸಿಕೊಟ್ಟ ಅಜ್ಜಿ ಆ ವಾರವೇ ಮಂಡಿನೋವಿಗೆ ಮದ್ದು ತರಲು ಬಸ್ಸು ಹತ್ತಿದಳು. ಹಾಸನೂರಿನ ಬಳಿ ಕಬ್ಬಿನ ಲಾರಿಗೆ ಅಡ್ಡ ನಿಲ್ಲುವ ಆನೆ, ಆಮೇಲೆ ದಿಂಬಂ ಘಾಟಿಯ 27 ತಿರುವು, ಕೆಳಗೆ ಬಣ್ಣಾರಿ ಅಮ್ಮನಿಗೊಂದು ನಮಸ್ಕಾರ, ಸತ್ಯಮಂಗಲ. ಸಂಜೆಗೆ ವಾಪಸ್ ಬಂದು ರಾಗಿ ಮುದ್ದೆ ತಿರುವಿದಳು. ತಾವು ಆನ್‌ಲೈನಿನಲ್ಲಿ ಸಾಗುವವರು. ತಮಗೆ ತಿರುವಿಲ್ಲ, ಆನೆಯಿಲ್ಲ, 2022ರಿಂದ ಘಾಟಿಯಲ್ಲಿ ಜಾರಿಯಿರುವ ರಾತ್ರಿ ಸಂಚಾರದ ನಿರ್ಬಂಧವೂ ಇಲ್ಲ. ಆದರೂ ಗೆದ್ದವಳು ಅಜ್ಜಿ.

ಮೊದಲಾದರೆ ತಾಲ್ಲೂಕು ಕಚೇರಿ ದೂರವೆಂಬ ಸಬೂಬಾದರೂ ಇತ್ತು. 2016ರಲ್ಲಿ ತಾಳವಾಡಿಯೇ ತಾಲ್ಲೂಕಾಯಿತು, ಸಬೂಬೂ ಹೋಯಿತು.

ತಮ್ಮ ಪ್ರಯಾಣದ ಕಷ್ಟ ಇವರಿಗೆ ತಿಳಿಯದ್ದಲ್ಲ. ದಾರಿಯಲ್ಲಿ ಗ್ರಾಮ ಆಡಳಿತಾಧಿಕಾರಿ ವಿಎಒ ಇದ್ದಾರೆ, ಕಂದಾಯ ನಿರೀಕ್ಷಕ ಆರ್‌ಐ ಇದ್ದಾರೆ, ಅವರಾಚೆ ತಹಶೀಲ್ದಾರರು. ಒಬ್ಬೊಬ್ಬರೂ ಅಜ್ಜಿ ನಿರ್ಗತಿಕಳು ಹೌದೇ ಎಂದು ನೋಡಬೇಕು. ಆಧಾರವಿಲ್ಲದವಳು ಎಂದು ತೋರಿಸಲು ಮೊದಲು ಆಧಾರ್ ತೋರಿಸಬೇಕು, ಅಲ್ಲೇ ಸಿಕ್ಕು. ಇಲ್ಲಿಯವರ ಹೆಸರು ಕನ್ನಡದ್ದು, ಕಾರ್ಡು ತಮಿಳಿನದು. ತಮಿಳು ಲಿಪಿಯಲ್ಲಿ ಕ-ಗ ಒಂದೇ ಅಕ್ಷರ, ಪ-ಬ ಒಂದೇ ಅಕ್ಷರ. ಹಾಗಾಗಿ ಹುಟ್ಟಿದಾಗ ಗೌರಮ್ಮ ಆಗಿದ್ದವಳು ತಮಿಳು ದಾಟಿ ಇಂಗ್ಲಿಷಿಗೆ ಇಳಿಯುವ ಹೊತ್ತಿಗೆ ಕೌರಮ್ಮ ಆಗಬಲ್ಲಳು. ಬಸಮ್ಮ ಪಸಮ್ಮ ಆಗಬಲ್ಲಳು. ರೇಷನ್ ಕಾರ್ಡಿನಲ್ಲಿ ಒಬ್ಬಳು, ಪಾಸ್‌ಬುಕ್ಕಿನಲ್ಲಿ ಇನ್ನೊಬ್ಬಳು. ಇಬ್ಬರಿಗೂ ಸೇರಿ ಒಂದೇ ಹೊಟ್ಟೆ ಎಂಬುದನ್ನು ನಮೂದಿಸಲು ಫಾರಮ್ಮಿನಲ್ಲಿ ಕಾಲಂ ಇಲ್ಲ.

ವಯಸ್ಸಿನ ಮಾತು ಬೇರೆ. ಹುಟ್ಟಿದ ದಿನ ಗೊತ್ತಿಲ್ಲದ ಹಲವರಿಗೆ ಆಧಾರ್‌ನಲ್ಲಿ ಜನವರಿ 1 ಬರೆದಿದ್ದಾರೆ. ಅಜ್ಜ ಅಜ್ಜಿಯರ ಲೆಕ್ಕವೇ ಬೇರೆ: ಬರ ಬಂದ ವರ್ಷ, ಮಗಳ ಮದುವೆಯ ವರ್ಷ, ಗಾಜನೂರಿನಿಂದ ರಾಜಣ್ಣನನ್ನು ಹೊತ್ತೊಯ್ದ ವರ್ಷ. ಅದು 2000ದ ಜುಲೈ 30. ಮೀಸೆಯ ವೀರಪ್ಪನ್ ಕೂಡ ರಾಜ್‌ಕುಮಾರರನ್ನು 108 ದಿನಕ್ಕೆ ಬಿಟ್ಟು ಕಳಿಸಿದ. ಕಾಡಿನಲ್ಲಿ ಆರ್‌ಐ ಇರಲಿಲ್ಲ, ಸರ್ವರ್ ಇರಲಿಲ್ಲ. ಅದಕ್ಕೇ ಬೇಗ ಮುಗಿಯಿತೋ ಏನೋ.

ಇನ್ನು ದುಡ್ಡಿನ ವಿಚಾರ. ಈ ರಾಜ್ಯದಲ್ಲಿ ವೃದ್ಧಾಪ್ಯ ಪಿಂಚಣಿ ಶುರುವಾದದ್ದು 1962ರಲ್ಲಿ, ತಿಂಗಳಿಗೆ 20 ರೂಪಾಯಿ. 2011ರಲ್ಲಿ 1000, 2023ರಲ್ಲಿ 1200. ಇದರಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ಬರೀ 200. ಎಷ್ಟು ಮಂದಿಗೆ ಎಂಬುದಕ್ಕೂ ಕೇಂದ್ರ ರಾಜ್ಯವಾರು ಮಿತಿ ಹಾಕಿ ಇಟ್ಟಿದೆ. ಮುದುಕರಾಗುವವರಿಗೆ ಮಾತ್ರ ಮಿತಿ ಹಾಕಲು ಆಗಿಲ್ಲ. ಮಿತಿ ತುಂಬಿದ ಪಟ್ಟಿಯಲ್ಲಿ ಹೊಸಬರಿಗೆ ಜಾಗವಾಗುವುದು ಹಳಬರೊಬ್ಬರು ಹೋದಾಗ. ಅರಳಿಕಟ್ಟೆಯಲ್ಲಿ ಪಕ್ಕದಲ್ಲಿ ಕೂತವರ ಕೆಮ್ಮನ್ನು ಯಾವ ಮನಸ್ಸಿನಿಂದ ಕೇಳಿಸಿಕೊಳ್ಳಬೇಕು, ತಾವೇ ಹೇಳಿ.

ಗಡಿಯಾಚೆಯ ಚಾಮರಾಜನಗರದಲ್ಲಿ ನೆಂಟರಿದ್ದಾರಲ್ಲ, ಅವರು ಒಂದು ಸುದ್ದಿ ತಂದಿದ್ದಾರೆ. ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆಯಡಿ ಅರ್ಜಿ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದಂತೆ. ಅಂದರೆ 1962ರ ಒಂದು ತಿಂಗಳ ಪಿಂಚಣಿ, ಅಲ್ಲಿ ಒಂದು ದಿನದ ತಡಕ್ಕೆ! (ಕೇಳಿದವರಿಗೆಲ್ಲ ಸಿಕ್ಕಿತೇ ಎಂದರೆ ನೆಂಟರು ಕಾಫಿ ಲೋಟ ನೋಡುತ್ತಾರೆ. ಅಲ್ಲೂ ಅಜ್ಜಿಯರು ಕಾಯುತ್ತಾರೆ.)

ಈ ಸೋಮವಾರವೂ ಈರೋಡಿನ ಕಲೆಕ್ಟರ್ ಕಚೇರಿಯಲ್ಲಿ ಕುಂದುಕೊರತೆ ದಿನ. ಇಲ್ಲಿಂದ ಹೋಗಿಬರುವ ಬಸ್ ಚಾರ್ಜು ಕೊಟ್ಟು, ತಾವು ಎಲ್ಲಿದ್ದೀರಿ ಎಂದು ಕೇಳುವ ಇನ್ನೊಂದು ಅರ್ಜಿ ಕೊಡಬಹುದು. ಆ ಎರಡನೆಯ ಅರ್ಜಿಯವರೂ ತಮ್ಮಂತೆಯೇ ಪ್ರಯಾಣಪ್ರಿಯರಾದರೆ ಅವರನ್ನು ಹುಡುಕಲು ಮೂರನೆಯವರು ಬೇಕಾಗುತ್ತಾರೆ.

ಇಂತಿ,
ರಸೀದಿಯನ್ನು ಎಲೆಅಡಿಕೆ ಚೀಲದಲ್ಲಿ ಮಡಿಸಿಟ್ಟವರು

ವಿ.ಸೂ.: ಪಿಂಚಣಿದಾರರಿಗೆ ಪೊಂಗಲ್‌ಗೂ ದೀಪಾವಳಿಗೂ ಸೀರೆ, ಪಂಚೆ ಉಂಟಂತೆ. ಯಾವ ಪೊಂಗಲ್ ಎಂದು ತಿಳಿಸಿದರೆ ಸಾಕು. ಸೀರೆಯ ಬಣ್ಣ ಯಾವುದಾದರೂ ಆದೀತು.